ಬೆಲ್ ಕೆಟ್ಟರೂ ಬಾಗಿಲು ಸಿಗುತ್ತದೆ

ನಮ್ಮ ಚಿಕ್ಕಪ್ಪ ಟೀಗೆ ಸಕ್ಕರೆ ಬಿಟ್ಟು ಆರು ವರ್ಷವಾಯಿತು. ಯಾರ ಮನೆಗೆ ಹೋದರೂ ಮೊದಲು ಅದನ್ನೇ ಹೇಳುತ್ತಾರೆ. ಆಮೇಲೆ ಆ ಸಪ್ಪೆ ಟೀಯಲ್ಲಿ ನಾಲ್ಕು ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಾರೆ. ಉಪ್ಪಿನ ಬಿಸ್ಕತ್ತು, ಹಾಗಾಗಿ ಲೆಕ್ಕಕ್ಕಿಲ್ಲವಂತೆ. ಹಿಟ್ಟು ಹೊಟ್ಟೆಯೊಳಗೆ ಗ್ಲೂಕೋಸ್ ಆಗುವಾಗ ನಾಲಿಗೆಯ ಅಭಿಪ್ರಾಯ ಕೇಳುವುದಿಲ್ಲ ಅಂತ ಎಷ್ಟು ಸಲ ಹೇಳಿದರೂ ಅಷ್ಟೇ. 'ಸಕ್ಕರೆ ಕಾಯಿಲೆ' ಅನ್ನೋ ಹೆಸರೇ ಅರ್ಧ ಜನರ ದಾರಿ ತಪ್ಪಿಸಿದೆ. ಜೇನುತುಪ್ಪ 'ನ್ಯಾಚುರಲ್' ಅಂತ ಚಮಚಗಟ್ಟಲೆ ಸುರಿದುಕೊಳ್ಳುವವರೂ ಇದ್ದಾರೆ. ಅದರಲ್ಲಿರುವುದೂ ಮುಖ್ಯವಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸೇ.

ಒಂದು ಸಣ್ಣ ಲೆಕ್ಕ ಹಾಕೋಣ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಶುಗರ್ 100 ಇದೆ ಅಂದರೆ ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಗ್ಲೂಕೋಸ್. ಒಟ್ಟು ಕೂಡಿದರೆ 5 ಗ್ರಾಂ. ಹೆಚ್ಚುಕಮ್ಮಿ ಒಂದು ಟೀ ಚಮಚ, ಇಡೀ ಮೈಗೆ! ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅಂದರೆ ರಕ್ತದಲ್ಲಿ ಆಗಲೇ ಇರುವುದರ ಒಂಬತ್ತು ಪಟ್ಟು, ಕೆಲವೇ ಗಂಟೆಗಳಲ್ಲಿ ಒಳಗೆ ಬಂದು ಬೀಳುತ್ತದೆ. ಆದರೂ ಆರೋಗ್ಯವಂತರ ಶುಗರ್ ಸಾಮಾನ್ಯವಾಗಿ 140 ದಾಟುವುದಿಲ್ಲ. ಬಂದದ್ದೆಲ್ಲ ಎಲ್ಲಿಗೆ ಹೋಯಿತು?

ಒಂದಷ್ಟು ಲಿವರ್‌ಗೆ. ದೊಡ್ಡ ಪಾಲು ಸ್ನಾಯುಗಳಿಗೆ. ಹೇಗೆ ಹೋಗುತ್ತದೆ ಅನ್ನುವುದಕ್ಕೆ ಎಲ್ಲರೂ ಹೇಳುವ ಒಂದು ಕತೆ ಇದೆ: ಜೀವಕೋಶಕ್ಕೆ ಬೀಗ ಹಾಕಿದೆ, ಇನ್ಸುಲಿನ್ ಅದರ ಕೀಲಿಕೈ. ನನಗೆ ಈ ಕತೆ ಕೇಳಿದರೆ ಮೈ ಉರಿಯುತ್ತದೆ. ಯಾಕಂದರೆ ಸುಮ್ಮನೆ ಕೂತಿರುವ ಸ್ನಾಯುವಿನ ಗೋಡೆಯಲ್ಲಿ ಬೀಗ ಹಾಕೋಕೆ ಬಾಗಿಲೇ ಹೆಚ್ಚಿಗೆ ಇರುವುದಿಲ್ಲ!

ಬಾಗಿಲುಗಳು ಒಳಗೆ ಉಗ್ರಾಣದಲ್ಲಿರುತ್ತವೆ. ನಾಟಕದ ಕಂಪನಿಯವರು ಪರದೆ, ಕಂಬಗಳನ್ನು ಸುತ್ತಿಟ್ಟಿರುತ್ತಾರಲ್ಲ, ಹಾಗೆ. ಗ್ಲುಟ್-4 ಅನ್ನುವ ಪ್ರೋಟೀನೇ ಈ ಬಾಗಿಲು. ಸಣ್ಣ ಸಣ್ಣ ಗುಳ್ಳೆಗಳ ಪೊರೆಯಲ್ಲಿ ಸಿಕ್ಕಿಸಿ ಇಟ್ಟಿರುತ್ತದೆ. ಇನ್ಸುಲಿನ್ ಹೊರಗಿನಿಂದ ಬೆಲ್ ಒತ್ತುತ್ತದೆ. ಆ ಸದ್ದು ಒಬ್ಬರಿಂದೊಬ್ಬರಿಗೆ ದಾಟಿ ಉಗ್ರಾಣದವರೆಗೆ ಹೋಗಬೇಕು, ಅಲ್ಲಿಂದ ಗುಳ್ಳೆಗಳು ಹೊರಟು ಗೋಡೆಗೆ ಬಂದು ಅಂಟಿಕೊಳ್ಳಬೇಕು, ಗುಳ್ಳೆಯ ಪೊರೆ ಗೋಡೆಯಲ್ಲೇ ಬೆರೆತು ಹೋಗಬೇಕು, ಆಗ ಬಾಗಿಲು ಗೋಡೆಯಲ್ಲಿ ಪ್ರತ್ಯಕ್ಷ. ಗ್ಲೂಕೋಸ್ ಒಳಗೆ. ಬೆಲ್ ನಿಂತ ಮೇಲೆ ಬಾಗಿಲು ಕಳಚಿ ಮತ್ತೆ ಉಗ್ರಾಣಕ್ಕೆ.

ಟೈಪ್ 2 ಡಯಾಬಿಟಿಸ್‌ನಲ್ಲಿ ಕೆಡುವುದು ಮುಖ್ಯವಾಗಿ ಈ ಬೆಲ್ಲಿನ ವೈರು. ಬಾಗಿಲುಗಳು ಗಟ್ಟಿಮುಟ್ಟಾಗೇ ಇರುತ್ತವೆ. ಆದರೆ ಹೊರಗಿನ ಸದ್ದು ಉಗ್ರಾಣಕ್ಕೆ ಸರಿಯಾಗಿ ಕೇಳಿಸುವುದಿಲ್ಲ. ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ ಇನ್ನೂ ಜೋರಾಗಿ, ಇನ್ನೂ ಹೊತ್ತು ಬೆಲ್ ಒತ್ತುತ್ತದೆ. ವರ್ಷಗಟ್ಟಲೆ ಒತ್ತಿ ಒತ್ತಿ ಕಡೆಗೆ ಅದೂ ಸೋಲುತ್ತದೆ.

ಈಗ ಮಜಾ ಕೇಳಿ. ಉಗ್ರಾಣಕ್ಕೆ ಇನ್ನೊಂದು ಬೆಲ್ ಇದೆ, ಅದರ ಗುಂಡಿ ಒಳಗಡೆಯೇ ಇದೆ. ಸ್ನಾಯು ಕುಗ್ಗಿ ಹಿಗ್ಗಿದಾಗ ಒಳಗೆ ಕ್ಯಾಲ್ಸಿಯಂ ಏರುತ್ತದೆ, ಶಕ್ತಿ ಖರ್ಚಾಗುತ್ತದೆ. ಆ ಸುದ್ದಿ ನೇರವಾಗಿ ಉಗ್ರಾಣಕ್ಕೆ ಮುಟ್ಟುತ್ತದೆ, ಬಾಗಿಲುಗಳು ಗೋಡೆಗೆ ಬರುತ್ತವೆ. ಇನ್ಸುಲಿನ್‌ನ ಹಂಗಿಲ್ಲ! ಅಡುಗೆಮನೆಯಲ್ಲಿ ಒಲೆ ಉರಿಯುತ್ತಿದ್ದರೆ ಅಕ್ಕಿ ತರೋಕೆ ಹೊರಗಿನವರು ಬಂದು ಹೇಳಬೇಕಾ? ಅಡುಗೆಯವನೇ ಕೂಗುತ್ತಾನೆ. ಹೊರಗಿನ ಬೆಲ್ಲಿಗೆ ಕಿವುಡಾದ ಟೈಪ್ 2 ಸ್ನಾಯುವಿನಲ್ಲೂ ಈ ಕೂಗು ಚೆನ್ನಾಗಿ ಕೆಲಸ ಮಾಡುತ್ತದೆ. ಇಷ್ಟು ಒಳ್ಳೆಯ ಸುದ್ದಿಯನ್ನು ಜನ ಯಾಕೆ ತಮಟೆ ಹೊಡೆದು ಸಾರುವುದಿಲ್ಲವೋ.

ಹೊಸ ಸುದ್ದಿಯೇನೂ ಅಲ್ಲ ಇದು. 1887ರಲ್ಲಿ ಫ್ರಾನ್ಸಿನ ಶೋವೋ ಮತ್ತು ಕೌಫ್‌ಮನ್ ಅನ್ನುವ ವಿಜ್ಞಾನಿಗಳು ಒಂದು ಕುದುರೆಯ ದವಡೆಯ ಸ್ನಾಯುವನ್ನು ಆರಿಸಿಕೊಂಡರು. ಸ್ನಾಯುವಿಗೆ ಹೋಗುವ ರಕ್ತ, ಅಲ್ಲಿಂದ ಬರುವ ರಕ್ತ, ಎರಡನ್ನೂ ಅಳೆದರು. ಕುದುರೆ ಸುಮ್ಮನಿದ್ದಾಗ ಒಂದು ಲೆಕ್ಕ, ಮೇವು ಜಗಿಯುವಾಗ ಇನ್ನೊಂದು. ಜಗಿಯುವಾಗ ಸ್ನಾಯು ಎಳೆದುಕೊಳ್ಳುವ ಗ್ಲೂಕೋಸ್ ಜಾಸ್ತಿಯಾಯಿತು. ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಹೊರತೆಗೆದದ್ದು 1921ರಲ್ಲಿ, ಅಂದರೆ 34 ವರ್ಷ ಆದ ಮೇಲೆ. ಮರುವರ್ಷ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಅನ್ನುವ ಹುಡುಗ ಇನ್ಸುಲಿನ್ ಇಂಜೆಕ್ಷನ್‌ನಿಂದ ಬದುಕಿಕೊಂಡ. ಲಕ್ಷಾಂತರ ಜೀವ ಉಳಿಸಿದ ಮದ್ದು ಅದು, ಎರಡು ಮಾತಿಲ್ಲ. ಆದರೆ ಆಮೇಲೆ ಎಲ್ಲರ ಕಣ್ಣೂ ಅದರ ಮೇಲೇ ನೆಟ್ಟಿತು, ಪಾಪ ಆ ಕುದುರೆಯನ್ನು ಕೇಳುವವರಿಲ್ಲ.

ನಡೆದರೂ ಸಾಕು, ಕಾಲಿನ ಸ್ನಾಯುಗಳಲ್ಲಿ ಆ ಒಳಗಿನ ಬೆಲ್ ಹೊಡೆಯುತ್ತದೆ. ಹಾಗಾದರೆ ಯಾವಾಗ ನಡೆಯಬೇಕು? ಶುಗರ್ ಏರುವ ಹೊತ್ತಿಗೆ. ಊಟವಾದ ಸುಮಾರು ಒಂದು ಗಂಟೆಗೆ ಅದು ಶಿಖರ ಮುಟ್ಟುತ್ತದೆ. ಅದಕ್ಕೆ ಮುಂಚೆಯೇ ಎದ್ದು ಹತ್ತು ನಿಮಿಷ ಓಡಾಡಿ. 2016ರಲ್ಲಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಟೈಪ್ 2 ಇರುವ 41 ಜನರ ಮೇಲೆ ಇದನ್ನೇ ನೋಡಿದರು. ದಿನಕ್ಕೊಮ್ಮೆ ಯಾವಾಗಲಾದರೂ 30 ನಿಮಿಷ ನಡೆದದ್ದಕ್ಕಿಂತ, ಮೂರು ಊಟದ ನಂತರ ಹತ್ತತ್ತು ನಿಮಿಷ ನಡೆದಾಗ ಊಟದ ನಂತರದ ಶುಗರ್ ಸರಾಸರಿ 12 ಶೇಕಡಾ ಕಡಿಮೆ. ನಡೆದದ್ದು ಅಷ್ಟೇ ನಿಮಿಷ! ರಾತ್ರಿ ಊಟದ ನಂತರ ಲಾಭ ಇನ್ನೂ ಜಾಸ್ತಿ, ಯಾಕಂದರೆ ನಾವು ಗಡದ್ದಾಗಿ ತಿಂದು ಮಲಗುವುದು ಆಗಲೇ ಅಲ್ವಾ.

ಸ್ನಾಯುವಿನ ಜಿಪುಣತನದ ಬಗ್ಗೆಯೂ ಹೇಳಿಬಿಡುತ್ತೇನೆ. ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ಬೇಕಾದಾಗ ರಕ್ತಕ್ಕೆ ಬಿಟ್ಟುಕೊಡುತ್ತದೆ. ಏನೂ ತಿನ್ನದೆ ಎದ್ದರೂ ಬೆಳಗ್ಗೆ ಶುಗರ್ ಏರಿರುವುದು ಅದರ ಕೆಲಸ. ಸ್ನಾಯು ಹಾಗಲ್ಲ, ಒಳಗೆ ಹೋದದ್ದನ್ನು ವಾಪಸ್ ಕೊಡುವ ಕಿಣ್ವವೇ ಅದರಲ್ಲಿಲ್ಲ. ತೊಡೆಯ ಸಕ್ಕರೆಯನ್ನು ತೊಡೆಯೇ ಸುಡಬೇಕು. ನೀವು ಸುಡದಿದ್ದರೆ ಟ್ಯಾಂಕ್ ತುಂಬಿರುತ್ತದೆ, ಮುಂದಿನ ಊಟಕ್ಕೆ ಜಾಗ ಕಡಿಮೆ. ವ್ಯಾಯಾಮ ಮಾಡಿದ ಮೇಲೆ ಒಂದೆರಡು ದಿನ ಹೊರಗಿನ ಬೆಲ್ಲೂ ಸ್ವಲ್ಪ ಚೆನ್ನಾಗಿ ಕೇಳಿಸುತ್ತದೆ. ಆಮೇಲೆ ಮತ್ತೆ ಕಿವುಡು. ಅದಕ್ಕೇ ಭಾನುವಾರ ಒಂದೇ ದಿನ ಬೆವರು ಸುರಿಸಿದರೆ ಸಾಲದು.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲು ತರಕಾರಿ, ಕಾಳು, ಮೊಟ್ಟೆ ತಿಂದು ಅನ್ನ ಅಥವಾ ಬ್ರೆಡ್ ಕೊನೆಗೆ ತಿನ್ನಿ, ಅದೇ ಊಟಕ್ಕೆ ಏರಿಕೆ ಕಡಿಮೆಯಾಗುತ್ತದೆ. ಹೊಟ್ಟೆಯಿಂದ ಕರುಳಿಗೆ ಇಳಿಯುವ ವೇಗವೇ ಕಮ್ಮಿಯಾಗುತ್ತದೆ, ಅಷ್ಟೇ. ಹಣ್ಣು ಜಗಿದು ತಿನ್ನಿ, ಜ್ಯೂಸ್ ಬೇಡ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಇನ್ಸುಲಿನ್ ಅಥವಾ ಇನ್ಸುಲಿನ್ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎರಡೂ ಬೆಲ್ ಒಟ್ಟಿಗೆ ಹೊಡೆದು ಶುಗರ್ ತೀರಾ ಇಳಿಯಬಹುದು. ಡಾಕ್ಟರ್ ಹತ್ತಿರ ಮಾತಾಡಿ, ಜೇಬಿನಲ್ಲಿ ಏನಾದರೂ ಸಿಹಿ ಇಟ್ಟುಕೊಳ್ಳಿ. ಮತ್ತೆ, ತುಂಬಾ ಬಿರುಸಿನ ವ್ಯಾಯಾಮದಲ್ಲಿ ಅಡ್ರಿನಲಿನ್ ಲಿವರ್ ಅನ್ನು ಎಬ್ಬಿಸಿ ಶುಗರ್ ಸ್ವಲ್ಪ ಹೊತ್ತು ಏರಲೂಬಹುದು. ಗಾಬರಿ ಬೇಡ.

ನಂಬಿಕೆ ಇಲ್ಲದಿದ್ದರೆ ಗ್ಲುಕೋಮೀಟರ್ ಹಿಡಿದು ನೀವೇ ನೋಡಿ. ಅದೇ ಊಟ, ಒಂದು ದಿನ ಕೂತು, ಒಂದು ದಿನ ನಡೆದು. ಚಿಕ್ಕಪ್ಪನಿಗೂ ಇದನ್ನೇ ಹೇಳಿದ್ದೆ. ನಡೆದು ಬಂದ ಮೊದಲ ದಿನವೇ ಫೋನ್ ಮಾಡಿ ರೇಗಾಡಿದರು. "ನಿನ್ನ ಮಾತು ಕೇಳಿ ನಡೆದೆ ಕಣೋ, 290 ತೋರಿಸ್ತಿದೆ!"

"ಚಿಕ್ಕಪ್ಪ, ಈಗ ಹಣ್ಣೇನಾದ್ರೂ ತಿಂದ್ರಾ?"

"ಎಲ್ಲಿ ತಿಂದೆ? ಮಗುಗೆ ಕಿತ್ತಳೆ ಸುಲಿದು ಕೊಟ್ಟೆ, ಅಷ್ಟೇ."

ಕೈ ತೊಳ್ಕೊಂಡು ಇನ್ನೊಂದ್ಸಲ ಚುಚ್ಚಿ ಅಂದೆ. 148 ಬಂತು.