ಒಂದು ಮನೆ, ಎರಡು ರೂಟರ್: ಸ್ಟ್ಯಾಟಿಕ್ ರೂಟ್ ಹಾಕುವುದು ಹೇಗೆ?

ಬೆಂಗಳೂರಿನ ವಿಜಯನಗರ, ಬನಶಂಕರಿ ಕಡೆಯ ಮಹಡಿ ಮನೆಗಳಲ್ಲಿ ಫೈಬರ್ ಕೇಬಲ್ ಕೆಳಗಿನ ಮನೆಗೆ ಬಂದಿರುತ್ತದೆ. ವೈಫೈ ಮೇಲಿನವರೆಗೆ ಸರಿಯಾಗಿ ಸಿಗುವುದಿಲ್ಲ. ಆಗ ಮೇಲೆ ಇನ್ನೊಂದು ರೂಟರ್ ಇಡುತ್ತಾರೆ. ನೆಟ್‌ವರ್ಕಿಂಗ್ ಕಲಿಯುವ ನಮಗೆ ಇದಕ್ಕಿಂತ ಒಳ್ಳೆಯ ಲ್ಯಾಬ್ ಬೇಡ. ಸ್ಟ್ಯಾಟಿಕ್ ರೂಟ್ ಅಂದರೆ ಯಾವ ನೆಟ್‌ವರ್ಕ್‌ಗೆ ಯಾವ ದಾರಿ ಎಂದು ನಾವೇ ರೂಟರ್‌ನಲ್ಲಿ ಬರೆದಿಡುವುದು.

ಕೆಳಗಿನ ರೂಟರ್ 192.168.1.1 ಎಂದಿಟ್ಟುಕೊಳ್ಳಿ. ಮೇಲಿನದರ ವ್ಯಾನ್ ಪೋರ್ಟ್‌ಗೆ (ಹೊರಗಿನ ಸಂಪರ್ಕದ ಪೋರ್ಟ್) ಕೆಳಗಿನಿಂದ ಸಿಕ್ಕ ಐಪಿ ವಿಳಾಸ 192.168.1.2, ಅದರ ಲ್ಯಾನ್ (ಒಳಗಿನ ನೆಟ್‌ವರ್ಕ್) ಐಪಿ 192.168.2.1. ಎರಡೂ ಲ್ಯಾನ್ 192.168.1 ಎಂದೇ ಇದ್ದರೆ ಯಾವ ರೂಟೂ ಕೆಲಸ ಮಾಡದು, ಮೊದಲು ಒಂದನ್ನು ಬದಲಾಯಿಸಿ.

ಈಗ ಮೇಲೆ 192.168.2.50ರಲ್ಲಿ ಪ್ರಿಂಟರ್ ಇದೆ. ಕೆಳಗಿನ ಲ್ಯಾಪ್‌ಟಾಪ್‌ನಿಂದ ಪ್ರಿಂಟ್ ಕೊಟ್ಟರೆ ಹೋಗುವುದಿಲ್ಲ. ಯಾಕೆ? ಕೆಳಗಿನ ರೂಟರ್‌ನ ರೂಟಿಂಗ್ ಟೇಬಲ್‌ನಲ್ಲಿ, ಅಂದರೆ ದಾರಿಗಳ ಪಟ್ಟಿಯಲ್ಲಿ, 192.168.2.0 ಎಂಬ ಸಾಲೇ ಇಲ್ಲ. ಬೇರೆ ಯಾವ ಸಾಲೂ ಹೊಂದದಿದ್ದಾಗ ಡೀಫಾಲ್ಟ್ ರೂಟ್, ಅಂದರೆ 0.0.0.0, ಬಳಕೆಗೆ ಬರುತ್ತದೆ. ಪ್ಯಾಕೆಟ್ (ಡೇಟಾದ ತುಣುಕು) ಇಂಟರ್ನೆಟ್ ಕಂಪನಿಯ ಕಡೆ ಹೊರಟುಬಿಡುತ್ತದೆ. 192.168ರ ವಿಳಾಸಗಳನ್ನು 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ನಿಯಮಗಳ ದಾಖಲೆ ಖಾಸಗಿ ಬಳಕೆಗೆ ಮೀಸಲಿಟ್ಟಿದೆ, ಹೊರಗೆ ಅವಕ್ಕೆ ದಾರಿ ಇಲ್ಲ. ಪ್ಯಾಕೆಟ್ ಅಲ್ಲೇ ಸಾಯುತ್ತದೆ.

ಕೆಳಗಿನ ರೂಟರ್‌ನ ಅಡ್ವಾನ್ಸ್ಡ್ ಪುಟದಲ್ಲಿ ಸ್ಟ್ಯಾಟಿಕ್ ರೂಟ್ ತೆರೆಯಿರಿ. ಕಂಪನಿ ಕೊಟ್ಟ ಕೆಲವು ಬಾಕ್ಸ್‌ಗಳಲ್ಲಿ ಈ ಪುಟ ಸಿಗುವುದಿಲ್ಲ. ಡೆಸ್ಟಿನೇಷನ್ 192.168.2.0, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ (ಪ್ಯಾಕೆಟ್ ಮುಂದೆ ಹೋಗಬೇಕಾದ ರೂಟರ್‌ನ ವಿಳಾಸ) 192.168.1.2, ಇಂಟರ್ಫೇಸ್ ಲ್ಯಾನ್. ಜಾಸ್ತಿ ಜನ ಎಡವುವುದು ಗೇಟ್‌ವೇಯಲ್ಲಿ. ಅಲ್ಲಿ 192.168.2.1 ಹಾಕಬೇಡಿ. ಆ ವಿಳಾಸ ಎಲ್ಲಿದೆ ಎಂದು ಕೆಳಗಿನ ರೂಟರ್‌ಗೆ ಗೊತ್ತಿಲ್ಲ ಅಲ್ವಾ? ಪಕ್ಕದ ಊರಿಗೆ ದಾರಿ ಕೇಳಿದರೆ ನಮ್ಮ ಬೀದಿಯ ತಿರುವನ್ನೇ ಮೊದಲು ಹೇಳಬೇಕು, ಹಾಗೆ. ಗೇಟ್‌ವೇ ಯಾವಾಗಲೂ ನೇರವಾಗಿ ಕೈಗೆಟುಕುವ ವಿಳಾಸವಾಗಿರಲಿ. ಆ 192.168.1.2 ನಾಳೆ ಬದಲಾಗದಂತೆ ಕೆಳಗಿನ ರೂಟರ್‌ನಲ್ಲಿ ಡಿಎಚ್‌ಸಿಪಿ (ತಾನಾಗಿ ಐಪಿ ಹಂಚುವ ವ್ಯವಸ್ಥೆ) ರಿಸರ್ವೇಷನ್ ಮಾಡಿಡಿ.

ಇಷ್ಟು ಮಾಡಿದರೂ ಪ್ರಿಂಟ್ ಬರದೇ ಇರಬಹುದು. ನನ್ನ ಪ್ರಕಾರ ಪಾಠದ ತಿರುಳು ಇಲ್ಲೇ ಇದೆ. ಮೇಲಿನ ರೂಟರ್‌ನ ಫೈರ್‌ವಾಲ್ ವ್ಯಾನ್ ಕಡೆಯಿಂದ ಬರುವ ಹೊಸ ಸಂಪರ್ಕವನ್ನು ತಡೆಯುತ್ತದೆ. ಅದಕ್ಕೆ ಅಲ್ಲಿ 192.168.1.0ಗೆ ಅನುಮತಿ ಕೊಡಬೇಕು, ನ್ಯಾಟ್ (ಒಳಗಿನ ವಿಳಾಸಗಳನ್ನು ರೂಟರ್‌ನ ವಿಳಾಸಕ್ಕೆ ಬದಲಿಸುವುದು) ಆಫ್ ಮಾಡಬೇಕು. ಈ ಕ್ರಮ ತಪ್ಪಿಸಬೇಡಿ: ಕೆಳಗೆ ರೂಟ್ ಮೊದಲು, ಮೇಲೆ ನ್ಯಾಟ್ ಆಫ್ ಆಮೇಲೆ. ನ್ಯಾಟ್ ಇದ್ದಾಗ ಮೇಲಿನ ಎಲ್ಲಾ ಫೋನುಗಳೂ ಕೆಳಗಿನ ರೂಟರ್‌ಗೆ 192.168.1.2 ಆಗಿಯೇ ಕಾಣುತ್ತವೆ. ಅದನ್ನು ತೆಗೆದರೆ 192.168.2ರ ನಿಜವಾದ ವಿಳಾಸಗಳು ಕಾಣುತ್ತವೆ. ವಾಪಸ್ ದಾರಿ ಬರೆದಿಲ್ಲದಿದ್ದರೆ ಉತ್ತರ ಹಿಂತಿರುಗುವುದಿಲ್ಲ, ಮೇಲಿನ ಮನೆಗೆ ಇಂಟರ್ನೆಟ್ಟೇ ಇರುವುದಿಲ್ಲ. ಪ್ರತಿ ರೂಟ್ ಬರೆಯುವಾಗಲೂ ಕೇಳಿಕೊಳ್ಳಿ: ಉತ್ತರ ಯಾವ ದಾರಿಯಲ್ಲಿ ಬರುತ್ತದೆ?

ಕೆಲವು ರೂಟರ್‌ಗಳು ತಮ್ಮ ಸ್ವಂತ ಲ್ಯಾನ್‌ನ ವಿಳಾಸಗಳಿಗೆ ಮಾತ್ರ ನ್ಯಾಟ್ ಮಾಡುತ್ತವೆ. ಅಂಥದ್ದಾದರೆ ರೂಟ್ ಸರಿಯಿದ್ದರೂ ಮೇಲೆ ಇಂಟರ್ನೆಟ್ ನಿಲ್ಲುತ್ತದೆ. ಆಗ ಮೇಲೆ ನ್ಯಾಟ್ ಮತ್ತೆ ಆನ್ ಮಾಡಿ.

ಮನೆಯವರಿಗೆ ಸುಮ್ನೆ ವೈಫೈ ಸಾಕು ಅಂದರೆ ಇದೆಲ್ಲ ಬೇಡ. ಮೇಲಿನದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ರೂಟಿಂಗ್ ಬಿಟ್ಟು ವೈಫೈ ಮಾತ್ರ ಕೊಡುವುದು) ಹಾಕಿ, ಒಂದೇ ನೆಟ್‌ವರ್ಕ್ ಆಗುತ್ತದೆ.

ಪರೀಕ್ಷೆಗೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪ್ಯಾಕೆಟ್ ಹೋಗುವ ದಾರಿ ತೋರಿಸುವ ಟ್ರೇಸರ್ಟ್ (tracert) ಕೊಟ್ಟು ಪ್ರಿಂಟರ್‌ನ ಐಪಿ ಹಾಕಿ. ಸಾಮಾನ್ಯವಾಗಿ 192.168.1.1, ಆಮೇಲೆ 192.168.1.2, ಕೊನೆಗೆ 192.168.2.50 ಬರಬೇಕು. ಮೊದಲನೆಯದಾದ ಮೇಲೆ ಹೊರಗಿನ ವಿಳಾಸ ಕಂಡರೆ ರೂಟ್ ಸೇವ್ ಆಗಿಲ್ಲ. 192.168.1.2ರ ನಂತರ ಬರೀ ನಕ್ಷತ್ರ ಚಿಹ್ನೆ ಬಂದರೆ ಮೇಲಿನ ಫೈರ್‌ವಾಲ್ ನೋಡಿ.