ಬಿಟ್ಟ ಉಸಿರನ್ನೇ ಮತ್ತೆ ಎಳೆಯುವ ಯಂತ್ರ

ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ ಬಿಳಿ ಹರಳುಗಳನ್ನು ಸಣ್ಣ ಧಾರೆಯಾಗಿ ಸುರಿಯಬೇಕು. ಧೂಳು ಹಾರಿಹೋಗಲಿ ಅಂತ ಬಯಲಿನಲ್ಲಿ ನಿಂತೇ ಸುರಿಯುವುದು ಒಳ್ಳೆಯದು. ಮೂರನೇ ಒಂದು ಭಾಗ ತುಂಬಿದ ಮೇಲೆ ಡಬ್ಬಿಯ ಸುತ್ತಲೂ ಅಂಗೈಯಿಂದ ತಟ್ಟಬೇಕು. ಹರಳು ಕುಸಿದು ಕೂರುತ್ತದೆ. ಮತ್ತೆ ಸುರಿಯಬೇಕು, ಮತ್ತೆ ತಟ್ಟಬೇಕು. ಮುಚ್ಚಳ ಬಿಗಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಒಳಗೆ ಸದ್ದು ಬರಬಾರದು. ಬಂತು ಅಂದರೆ ಎಲ್ಲೋ ಸಂದು ಉಳಿದಿದೆ. ಡೈವರ್ ನೀರಿಗಿಳಿದ ಮೇಲೆ ಅವನ ಉಸಿರು ಹರಳುಗಳನ್ನು ಮುಟ್ಟದೆ ಆ ಸಂದಿನಲ್ಲೇ ನುಸುಳಿ, ಶುದ್ಧವಾಗದೆ ಅವನ ಬಾಯಿಗೇ ವಾಪಸ್ ಬರುತ್ತದೆ.

ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮತ್ತೆ ಎಳೆಯಲು ಕೊಡುವ ಡೈವಿಂಗ್ ಯಂತ್ರ, ಅಂದರೆ ಕ್ಲೋಸ್ಡ್ ಸರ್ಕ್ಯೂಟ್ ರೀಬ್ರೀದರ್, ಜೋಡಿಸುವ ಕೆಲಸ ಶುರುವಾಗುವುದು ಸಾಮಾನ್ಯವಾಗಿ ಇಂಥ ಒಂದು ಡಬ್ಬಿಯಿಂದ. ಆಮೇಲೆ ಹತ್ತಾರು ಹಂತಗಳಿವೆ. ಸುಮ್ನೆ ಓದಿಕೊಂಡು ಹೋದರೆ ಅತಿ ಜಾಗ್ರತೆ ಅನ್ನಿಸುತ್ತದೆ. ಆದರೆ 140 ವರ್ಷಗಳ ಇತಿಹಾಸ ತಿಳಿದವರಿಗೆ ಹಾಗನ್ನಿಸುವುದಿಲ್ಲ. ಆ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಯಾರೋ ಉಸಿರು ಕಳೆದುಕೊಂಡ ಕತೆ ಇದೆ.

ಇಷ್ಟು ಕಷ್ಟದ ಯಂತ್ರ ಯಾಕೆ ಬೇಕಾಯಿತು? ಮಾಮೂಲಿ ಸ್ಕೂಬಾದಲ್ಲಿ ದಂಡ ಜಾಸ್ತಿ. ನಾವು ಎಳೆಯುವ ಗಾಳಿಯಲ್ಲಿ ಶೇ. 21ರಷ್ಟು ಆಕ್ಸಿಜನ್ ಇರುತ್ತದೆ. ಬಿಡುವ ಉಸಿರಿನಲ್ಲೂ ಶೇ. 16-17ರಷ್ಟು ಉಳಿದೇ ಇರುತ್ತದೆ. ಸ್ಕೂಬಾ ಡೈವರ್ ಅದನ್ನೆಲ್ಲ ಗುಳ್ಳೆ ಮಾಡಿ ಬಿಟ್ಟುಬಿಡುತ್ತಾನೆ. ಆಳಕ್ಕೆ ಹೋದಷ್ಟೂ ಈ ನಷ್ಟ ಬೆಳೆಯುತ್ತದೆ. 30 ಮೀಟರ್ ಆಳದಲ್ಲಿ ಒತ್ತಡ ನಾಲ್ಕು ಪಟ್ಟು, ಹಾಗಾಗಿ ಸಿಲಿಂಡರ್ ಖಾಲಿಯಾಗುವ ವೇಗವೂ ನಾಲ್ಕು ಪಟ್ಟು. ದೇಹ ನಿಜವಾಗಿ ಸುಡುವ ಆಕ್ಸಿಜನ್ ಮಾತ್ರ ಆಳ ಎಷ್ಟಿದ್ದರೂ ಅಷ್ಟೇ: ಸಾಧಾರಣ ಕೆಲಸಕ್ಕೆ ನಿಮಿಷಕ್ಕೆ ಸುಮಾರು 1 ಲೀಟರ್. 3 ಲೀಟರಿನ ಪುಟ್ಟ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ಆಕ್ಸಿಜನ್ ತುಂಬಿದರೆ 600 ಲೀಟರ್ ಹಿಡಿಯುತ್ತದೆ. ಲೆಕ್ಕ ಹಾಕಿದರೆ 10 ಗಂಟೆಗೆ ಸಾಕು! ಬಿಟ್ಟ ಉಸಿರನ್ನು ಚೀಲದಲ್ಲಿ ಹಿಡಿದು, ಕಾರ್ಬನ್ ಡೈಆಕ್ಸೈಡ್ ತೆಗೆದು, ಖರ್ಚಾದ ಆಕ್ಸಿಜನ್ನನ್ನು ಮಾತ್ರ ತುಂಬಿ ಮತ್ತೆ ಎಳೆದರಾಯಿತು, ಅಲ್ವಾ?

ಇಲ್ಲೇ ಒಂದು ತೊಡಕಿದೆ, ಮತ್ತು ಉಳಿದ ಕತೆಗೆಲ್ಲ ಇದೇ ಬೇರು. ಉಸಿರು ಕಟ್ಟಿದಾಗ ನಮಗಾಗುವ ಒದ್ದಾಟ ಆಕ್ಸಿಜನ್ ಕಡಿಮೆಯಾಗಿದ್ದಕ್ಕಲ್ಲ, ಹೆಚ್ಚಿನ ಮಟ್ಟಿಗೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗಿದ್ದಕ್ಕೆ. ದೇಹ ಬಾರಿಸುವ ಗಂಟೆ ಅದು. ರೀಬ್ರೀದರ್ ಮಾಡುವ ಮೊದಲ ಕೆಲಸವೇ ಆ ಕಾರ್ಬನ್ ಡೈಆಕ್ಸೈಡನ್ನು ತೆಗೆದುಹಾಕುವುದು. ಹಾಗಾದ ಮೇಲೆ ಚೀಲದಲ್ಲಿ ಆಕ್ಸಿಜನ್ ಮುಗಿಯುತ್ತಾ ಬಂದರೂ ಉಸಿರಾಟ ಹಾಯಾಗಿಯೇ ಇರುತ್ತದೆ. ಸಂಕಟವಿಲ್ಲ, ಗಾಬರಿಯಿಲ್ಲ. ದೀಪ ಆರಿದಂತೆ ಎಚ್ಚರ ತಪ್ಪುತ್ತದೆ, ಅಷ್ಟೇ.

ಕೆಲಸಕ್ಕೆ ಬಂದ ಮೊದಲ ಯಂತ್ರವನ್ನು ಇಂಗ್ಲೆಂಡಿನ ಹೆನ್ರಿ ಫ್ಲೂಸ್ 1870ರ ದಶಕದ ಕೊನೆಯಲ್ಲಿ ಮಾಡಿದ. ರಬ್ಬರ್ ಮುಖವಾಡ, ಉಸಿರಿನ ಚೀಲ, ತಾಮ್ರದ ಆಕ್ಸಿಜನ್ ಸಿಲಿಂಡರ್. ಕಾರ್ಬನ್ ಡೈಆಕ್ಸೈಡ್ ಹೀರಲು ಕಾಸ್ಟಿಕ್ ಪೊಟ್ಯಾಶಿನಲ್ಲಿ ಅದ್ದಿದ ಹಗ್ಗದ ನೂಲು. 1879ರ ಅಕ್ಟೋಬರಿನಲ್ಲಿ ಸೆವರ್ನ್ ನದಿಯಡಿ ತೋಡುತ್ತಿದ್ದ ರೈಲು ಸುರಂಗಕ್ಕೆ ನೀರು ನುಗ್ಗಿತ್ತು. ಒಳಗಿನ ಕಬ್ಬಿಣದ ಬಾಗಿಲು ಮುಚ್ಚಿದರೆ ಮಾತ್ರ ಪಂಪುಗಳು ಗೆಲ್ಲುತ್ತಿದ್ದವು. 1880ರ ನವೆಂಬರಿನಲ್ಲಿ ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಡೈವರ್ ಮೊದಲು ಮಾಮೂಲಿ ಉಡುಪಿನಲ್ಲಿ ಹೋದ. ಗಾಳಿಯ ಕೊಳವೆಯನ್ನು ಅಷ್ಟು ದೂರ ಎಳೆದುಕೊಂಡು ಹೋಗಲು ಆಗಲಿಲ್ಲ. ಕೊನೆಗೆ ಫ್ಲೂಸ್‌ನ ಯಂತ್ರ ಬೆನ್ನಿಗೇರಿಸಿಕೊಂಡು, ಕೆಸರು ನೀರಿನ ಕತ್ತಲಲ್ಲಿ, ಕಲ್ಲು ಮರಗಳ ರಾಶಿ ತಡವರಿಸುತ್ತಾ 300 ಮೀಟರಿಗೂ ಹೆಚ್ಚು ದೂರ ನಡೆದು ಬಾಗಿಲು ಮುಚ್ಚಿ ಬಂದ. ಆ ಧೈರ್ಯವನ್ನು ಇವತ್ತು ನೆನೆದರೂ ಮೈ ಜುಮ್ಮೆನ್ನುತ್ತದೆ. ಚೀಲದೊಳಗೆ ಆಕ್ಸಿಜನ್ ಎಷ್ಟಿದೆ ಎಂದು ತಿಳಿಯುವ ಒಂದೇ ಒಂದು ಸಾಧನವೂ ಅವನ ಹತ್ತಿರ ಇರಲಿಲ್ಲ.

ಇನ್ನೊಂದು ಅಪಾಯವನ್ನು ಫ್ರಾನ್ಸಿನ ವಿಜ್ಞಾನಿ ಪಾಲ್ ಬೆರ್ 1878ರಲ್ಲೇ ಬರೆದಿಟ್ಟಿದ್ದ. ಒತ್ತಡದಲ್ಲಿ ಎಳೆದ ಆಕ್ಸಿಜನ್ ನರಮಂಡಲಕ್ಕೆ ವಿಷ, ಫಿಟ್ಸ್ ತರಿಸುತ್ತದೆ. ನೀರಿನಡಿ ಫಿಟ್ಸ್ ಬಂದರೆ ಮೌತ್‌ಪೀಸ್ ಬಾಯಿಂದ ಜಾರುತ್ತದೆ, ಮನುಷ್ಯ ಮುಳುಗುತ್ತಾನೆ. 1930ರ ದಶಕದ ಕೊನೆಯಲ್ಲಿ ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಜಾಕ್ ಕುಸ್ಟೋ ಆಕ್ಸಿಜನ್ ಯಂತ್ರ ಹಾಕಿಕೊಂಡು ಇಳಿದು ಹೀಗೇ ಸಾವಿನ ಬಾಗಿಲು ತಟ್ಟಿ ಬಂದ. 1943ರಲ್ಲಿ ಎಂಜಿನಿಯರ್ ಎಮಿಲ್ ಗಾನ್ಯಾನ್ ಜೊತೆ ಸೇರಿ ಅವನು ಆಕ್ವಾಲಂಗ್ ಎಂಬ ಗುಳ್ಳೆ ಬಿಡುವ ಸ್ಕೂಬಾ ಯಂತ್ರದ ಕಡೆ ತಿರುಗಿದ್ದಕ್ಕೆ ಈ ಅನುಭವವೂ ಒಂದು ಕಾರಣ.

ಗುಳ್ಳೆಯೇಳದ ಯಂತ್ರವನ್ನು ಬಿಡಲು ಸೈನ್ಯಗಳು ಮಾತ್ರ ತಯಾರಿರಲಿಲ್ಲ. 1941ರ ಡಿಸೆಂಬರಿನಲ್ಲಿ ಇಟಲಿಯ 6 ಮಂದಿ ಆಕ್ಸಿಜನ್ ರೀಬ್ರೀದರ್ ತೊಟ್ಟು ಅಲೆಕ್ಸಾಂಡ್ರಿಯಾ ಬಂದರಿಗೆ ನುಸುಳಿ ಬ್ರಿಟನ್ನಿನ ಎರಡು ದೊಡ್ಡ ಯುದ್ಧನೌಕೆಗಳನ್ನು ಕೆಡವಿದರು. ಬ್ರಿಟಿಷ್ ನೌಕಾಪಡೆಯೂ ಪ್ರಯೋಗಕ್ಕಿಳಿಯಿತು. 1942ರಿಂದ ವೈದ್ಯ ಕೆನೆತ್ ಡೊನಾಲ್ಡ್ ಸ್ವಯಂಸೇವಕರನ್ನು ಶುದ್ಧ ಆಕ್ಸಿಜನ್ ಎಳೆಯುತ್ತಾ ಆಳಕ್ಕಿಳಿಯಲು ಬಿಟ್ಟು, ತುಟಿ ಅದುರುವುದು ಶುರುವಾಗುವವರೆಗೆ ಕಾದು ಬರೆದಿಟ್ಟ. ಶುದ್ಧ ಆಕ್ಸಿಜನ್ ಜೊತೆ 25 ಅಡಿಗಿಂತ, ಅಂದರೆ ಸುಮಾರು 8 ಮೀಟರಿಗಿಂತ ಕೆಳಗೆ ಹೋಗುವುದು ಅಪಾಯ ಎಂದು ಅವನು ಹೇಳಿದ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು ಅವನು ಕಂಡ ಇನ್ನೊಂದು ಸಂಗತಿ. ಒಬ್ಬನೇ ಮನುಷ್ಯ ಒಂದು ದಿನ ತಡೆದುಕೊಂಡ ಪ್ರಮಾಣ ಇನ್ನೊಂದು ದಿನ ತಡೆಯುತ್ತಿರಲಿಲ್ಲ. 'ನನಗೇನೂ ಆಗಲ್ಲ, ಹೋದ ಸಲ ಇದೇ ಆಳಕ್ಕೆ ಹೋಗಿದ್ದೆ' ಎಂಬ ಮಾತಿಗೆ ಅಲ್ಲಿಗೇ ಬೆಲೆ ಹೋಯಿತು.

ಆಳಕ್ಕೆ ಹೋಗಬೇಕಾದರೆ ಆಕ್ಸಿಜನ್ನಿಗೆ ಬೇರೆ ಅನಿಲ ಬೆರೆಸಲೇಬೇಕು. ಬೆರೆಸಿದ ಮೇಲೆ ಎಷ್ಟು ಆಕ್ಸಿಜನ್ ಉಳಿದಿದೆ ಎಂದು ಕ್ಷಣಕ್ಷಣವೂ ಅಳೆಯಬೇಕು. ಈ ಅಳತೆ ಡೈವರ್‌ನ ಬೆನ್ನಿಗೇರಿದ್ದು 1968ರ ಹೊತ್ತಿಗೆ, ವಾಲ್ಟರ್ ಸ್ಟಾರ್ಕ್ ಮತ್ತು ಜಾನ್ ಕಾನ್‌ವಿಶರ್ ಮಾಡಿದ ಎಲೆಕ್ಟ್ರೋಲಂಗ್‌ನಲ್ಲಿ. ಸೆನ್ಸರ್ ಅಳೆಯುತ್ತದೆ, ಸರ್ಕ್ಯೂಟ್ ಲೆಕ್ಕ ಹಾಕುತ್ತದೆ, ವಾಲ್ವ್ ತೆರೆದು ಆಕ್ಸಿಜನ್ ಬಿಡುತ್ತದೆ. ಇವತ್ತಿನ ಯಂತ್ರಗಳ ಮೂಲ ಕಲ್ಪನೆ ಇದೇ. 1987ರಲ್ಲಿ ಅಮೆರಿಕದ ಗುಹಾ ಅನ್ವೇಷಕ ಬಿಲ್ ಸ್ಟೋನ್ ತಾನೇ ಕಟ್ಟಿದ ಯಂತ್ರ ತೊಟ್ಟು ಫ್ಲೋರಿಡಾದ ವಕಲ್ಲಾ ಸ್ಪ್ರಿಂಗ್ಸ್‌ನಲ್ಲಿ 24 ಗಂಟೆ ನೀರಿನಡಿ ಕಳೆದ. 1997ರಲ್ಲಿ ಬ್ರಿಟನ್ನಿನ ಎಪಿ ವಾಲ್ವ್ಸ್ ಕಂಪನಿ ಇನ್‌ಸ್ಪಿರೇಷನ್ ಎಂಬ ಯಂತ್ರವನ್ನು ಹವ್ಯಾಸಿಗಳಿಗೆ ಮಾರತೊಡಗಿತು. ಅಲ್ಲಿಂದ ರೀಬ್ರೀದರ್ ಸೈನ್ಯದ ಬೇಲಿ ದಾಟಿತು.

ಈಗ ಒಂದು ಉಸಿರಿನ ಹಿಂದೆ ಹೋಗೋಣ. ಬಾಯಿಂದ ಬಿಟ್ಟ ಗಾಳಿ ಒಂದೇ ದಿಕ್ಕಿಗೆ ತೆರೆಯುವ ತೆಳು ರಬ್ಬರಿನ ಮಶ್ರೂಮ್ ವಾಲ್ವ್ ದಾಟಿ ಹೋಸ್‌ಗೆ ಇಳಿಯುತ್ತದೆ. ಅಲ್ಲಿಂದ ಕೌಂಟರ್‌ಲಂಗ್ ಎಂಬ ಚೀಲಕ್ಕೆ. ಅಲ್ಲಿಂದ ಹರಳಿನ ಡಬ್ಬಿಗೆ, ಅಂದರೆ ಸ್ಕ್ರಬ್ಬರ್‌ಗೆ. ಹರಳು ಸೋಡಾ ಲೈಮ್: ಬಹುಪಾಲು ಸುಣ್ಣ, ಒಂದಿಷ್ಟು ನೀರು, ಸ್ವಲ್ಪ ಕಾಸ್ಟಿಕ್ ಸೋಡಾ. ಸುಣ್ಣದ ತಿಳಿನೀರಿಗೆ ಊದಿದರೆ ಬೆಳ್ಳಗಾಗುವುದನ್ನು ಶಾಲೆಯಲ್ಲಿ ನೋಡಿರುತ್ತೀರಿ. ಇಲ್ಲೂ ಅದೇ ಆಗುತ್ತದೆ. ಕಾರ್ಬನ್ ಡೈಆಕ್ಸೈಡ್ ಸುಣ್ಣದೊಂದಿಗೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಜೊತೆಗೆ ಶಾಖವೂ ನೀರೂ ಹುಟ್ಟುತ್ತವೆ. ಬೆಚ್ಚಗಿನ, ತೇವದ ಉಸಿರು ರೀಬ್ರೀದರ್ ಬಳಸುವವರಿಗೆ ಇಷ್ಟವಾಗುವುದು ಇದರಿಂದಲೇ. ಡಬ್ಬಿ ದಾಟಿದ ಗಾಳಿ ಆಕ್ಸಿಜನ್ ಸೆಲ್‌ಗಳ ಮುಂದೆ ಹಾದು, ಇನ್ನೊಂದು ಚೀಲಕ್ಕೆ ಬಂದು, ಇನ್ನೊಂದು ಹೋಸ್‌ನಲ್ಲಿ ಬಾಯಿಗೆ ಮರಳುತ್ತದೆ. ಕೆಳಗಿಳಿಯುವಾಗ ಚೀಲ ಕುಗ್ಗಿದರೆ ಡೈಲ್ಯುಯೆಂಟ್ ಎಂಬ ಎರಡನೇ ಸಿಲಿಂಡರಿನಿಂದ ಗಾಳಿ ಅಥವಾ ಹೀಲಿಯಂ ಬೆರೆಸಿದ ಅನಿಲ ಸೇರುತ್ತದೆ.

ಸೆಲ್‌ಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಜೀವ ನಿಂತಿರುವುದು ಅವುಗಳ ಮೇಲೆ. ಒಂದೊಂದೂ ಪುಟ್ಟ ಬ್ಯಾಟರಿ. ಒಳಗಿನ ಸೀಸ ಆಕ್ಸಿಜನ್ ಜೊತೆ ಸೇರಿದಷ್ಟೂ ಮಿಲಿವೋಲ್ಟ್ ಏರುತ್ತದೆ. ಯಂತ್ರ ಆ ಮಿಲಿವೋಲ್ಟನ್ನು ಆಕ್ಸಿಜನ್ನಿನ ಪಾಲಿನ ಒತ್ತಡವಾಗಿ (ಒಟ್ಟು ಒತ್ತಡದಲ್ಲಿ ಆಕ್ಸಿಜನ್ನಿನದು ಎಷ್ಟು ಎಂದು, ಬಾರ್ ಲೆಕ್ಕದಲ್ಲಿ) ಓದುತ್ತದೆ. ಡೈವರ್‌ಗಳು ಅದನ್ನು ಪಿಒ2 ಎನ್ನುತ್ತಾರೆ. ದಡದಲ್ಲಿ ನಾವು ಎಳೆಯುವುದು 0.21. ನೀರಿನಡಿ ಸಾಮಾನ್ಯವಾಗಿ 1.2 ಅಥವಾ 1.3ಕ್ಕೆ ಇಟ್ಟುಕೊಳ್ಳುತ್ತಾರೆ. 1.6 ದಾಟಿದರೆ ಫಿಟ್ಸ್ ಭಯ, 0.16ಕ್ಕಿಂತ ಇಳಿದರೆ ಎಚ್ಚರ ತಪ್ಪುವ ಭಯ. ಬದುಕು ಈ ಎರಡು ಗೆರೆಗಳ ನಡುವೆ. ಮೇಲೇರುವಾಗ ಒತ್ತಡ ಇಳಿಯುವುದರಿಂದ ಈ ಅಂಕಿಯೂ ಇಳಿಯುತ್ತದೆ. 30 ಮೀಟರಿನಲ್ಲಿ 0.4 ಇದ್ದ ಉಸಿರು, ಆಕ್ಸಿಜನ್ ಸೇರದಿದ್ದರೆ, ಮೇಲೆ ಬರುವಷ್ಟರಲ್ಲಿ 0.1. ಎಷ್ಟೋ ಮಂದಿಗೆ ಆಳಕ್ಕಿಂತ ಕೊನೆಯ ಕೆಲವು ಮೀಟರ್‌ಗಳೇ ಮುಳುವಾಗುವುದು ಹೀಗೆ.

ಸೆಲ್ ಒಂದೇ ಇದ್ದರೆ ನಂಬುವುದು ಕಷ್ಟ ಅಂತ ಮೂರು ಹಾಕುತ್ತಾರೆ. ಎರಡು ಒಂದೇ ಮಾತು ಹೇಳಿದರೆ ಮೂರನೆಯದನ್ನು ಯಂತ್ರ ಕಡೆಗಣಿಸುತ್ತದೆ. ಆದರೆ ಮೂರನ್ನೂ ಒಂದೇ ದಿನ ಕೊಂಡಿದ್ದರೆ, ಮೂರೂ ಒಟ್ಟಿಗೇ ಮುದಿಯಾಗುತ್ತವೆ. ಮುದಿ ಸೆಲ್ 1.0ರವರೆಗೆ ಸರಿಯಾಗಿ ತೋರಿಸಿ, ಅದರ ಮೇಲೆ ಏರಲಾರದೆ ನಿಂತುಬಿಡಬಹುದು. 1.3 ಬರಲಿಲ್ಲವಲ್ಲ ಎಂದು ಯಂತ್ರ ಆಕ್ಸಿಜನ್ ಬಿಡುತ್ತಲೇ ಇರುತ್ತದೆ. ಎರಡು ಸೆಲ್ ಹೀಗಾದರೆ, ಸರಿಯಿರುವ ಒಂದು ಸೆಲ್ ಕೂಗಿಕೊಂಡರೂ ಬಹುಮತ ಅದನ್ನು ಹೊರಗಿಡುತ್ತದೆ. ಹಾಗಾಗಿ ತಿಳಿದ ಡೈವರ್ ಪರದೆಯ ಅಂಕಿಯನ್ನಷ್ಟೇ ನಂಬಿ ಕೂರುವುದಿಲ್ಲ. ಡೈಲ್ಯುಯೆಂಟ್ ಗಾಳಿಯಾಗಿದ್ದರೆ 30 ಮೀಟರಿನಲ್ಲಿ ಅದರ ಪಿಒ2 0.84 ಇರಲೇಬೇಕು. ಅದನ್ನು ಲೂಪ್‌ಗೆ, ಅಂದರೆ ಉಸಿರು ಸುತ್ತುವ ಹಾದಿಗೆ, ತುಂಬಿ ಹಾಯಿಸಿ, ಸೆಲ್‌ಗಳು ಆ ಅಂಕಿ ಹೇಳುತ್ತವೆಯೇ ಎಂದು ನೋಡುತ್ತಾನೆ.

ಇನ್ನು ಕಾರ್ಬನ್ ಡೈಆಕ್ಸೈಡ್. 2005ರ ಜನವರಿಯಲ್ಲಿ ಡೇವಿಡ್ ಶಾ ಎಂಬ ಅನುಭವಿ ಡೈವರ್ ದಕ್ಷಿಣ ಆಫ್ರಿಕಾದ ಬೂಸ್ಮನ್ಸ್‌ಗಾಟ್ ಗುಹೆಯಲ್ಲಿ ಸುಮಾರು 270 ಮೀಟರ್ ಆಳಕ್ಕೆ ಇಳಿದ. ಹತ್ತು ವರ್ಷ ಹಿಂದೆ ಅಲ್ಲಿ ಸತ್ತ ಯುವಕನ ದೇಹವನ್ನು ಅವನ ಮನೆಯವರಿಗೆ ತಂದುಕೊಡಲು. ಅಷ್ಟು ಆಳದಲ್ಲಿ ಅನಿಲ ದಟ್ಟವಾಗಿ, ಉಸಿರು ಎಳೆದು ಬಿಡುವುದೇ ದೊಡ್ಡ ದುಡಿಮೆ. ದೇಹ ಬಿಡಿಸುವ ಕೆಲಸ ಅದಕ್ಕೆ ಸೇರಿತು. ಹೆಲ್ಮೆಟ್ ಕ್ಯಾಮೆರಾದಲ್ಲಿ ಉಸಿರಿನ ಸದ್ದು ಬರಬರುತ್ತಾ ಬಿರುಸಾಗಿ, ಆಮೇಲೆ ನಿಂತುಹೋದದ್ದು ದಾಖಲಾಗಿತ್ತು. ಶ್ವಾಸಕೋಶ ಎಷ್ಟೇ ದುಡಿದರೂ ಕಾರ್ಬನ್ ಡೈಆಕ್ಸೈಡನ್ನು ಹೊರಹಾಕಲು ಆಗಲಿಲ್ಲ ಎಂದು ಆಮೇಲೆ ವೈದ್ಯರು ವಿವರಿಸಿದರು. ಡಬ್ಬಿ ಸರಿಯಾಗಿದ್ದರೂ ಹೀಗಾಗಬಹುದು. ಡಬ್ಬಿಯೇ ಕೈಕೊಟ್ಟರೆ ಇದೇ ಕೇಡು ಎಷ್ಟೋ ಕಡಿಮೆ ಆಳದಲ್ಲೂ ಬರುತ್ತದೆ.

ಆಸ್ಟ್ರೇಲಿಯಾದ ವೈದ್ಯ ಆಂಡ್ರ್ಯೂ ಫಾಕ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1998ರಿಂದ 2010ರವರೆಗಿನ 181 ರೀಬ್ರೀದರ್ ಸಾವುಗಳ ಲೆಕ್ಕವಿದೆ. ಸ್ಕೂಬಾಗಿಂತ ಅಪಾಯ ಸುಮಾರು 10 ಪಟ್ಟು ಎಂದು ಅವರ ಅಂದಾಜು. 2012ರಲ್ಲಿ ಒರ್ಲಾಂಡೊದಲ್ಲಿ ಸೇರಿದ ರೀಬ್ರೀದರ್ ಫೋರಂ 3 ಎಂಬ ತಜ್ಞರ ಸಭೆ ಹೆಚ್ಚು ಒತ್ತಿ ಹೇಳಿದ್ದು ಹೊಸ ಸೆನ್ಸರ್ ಬಗ್ಗೆ ಅಲ್ಲ. ಬರೆದಿಟ್ಟ ಚೆಕ್‌ಲಿಸ್ಟ್ ಬಗ್ಗೆ. ನೆನಪಿನಿಂದ ಜೋಡಿಸಬೇಡಿ, ಕೈಯಲ್ಲಿ ಪಟ್ಟಿ ಹಿಡಿದು ಗುರುತು ಹಾಕುತ್ತಾ ಜೋಡಿಸಿ ಅಂತ.

ಪ್ರತಿ ಯಂತ್ರದ ಪಟ್ಟಿ ಬೇರೆ, ಅದರ ಕೈಪಿಡಿ ಮತ್ತು ತರಬೇತಿಗೆ ಬದಲಿ ಇಲ್ಲ. ಆದರೆ ಮುಖ್ಯ ಹಂತಗಳು ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ. ಎರಡೂ ಸಿಲಿಂಡರಿನ ಅನಿಲವನ್ನು ಅನಲೈಸರ್‌ನಲ್ಲಿ ಅಳೆದು ಬರೆಯುತ್ತಾರೆ. ಡಬ್ಬಿ ತುಂಬಿ, ಸಂದು ಮುಚ್ಚುವ ರಬ್ಬರ್ ಬಳೆಗಳನ್ನು (ಓ-ರಿಂಗ್) ಬೆಳಕಿಗೆ ಹಿಡಿದು ನೋಡಿ ಕೂರಿಸುತ್ತಾರೆ. ಅಲ್ಲಿ ಒಂದು ಕೂದಲು ಸಿಕ್ಕಿದ್ದರೂ ನೀರು ಒಳಬರಬಹುದು, ಹರಳಿಗೆ ತಾಗಿದ ನೀರು ಸುಡುವ ಕ್ಷಾರವಾಗಿ ಬಾಯಿಗೆ ಬರಬಹುದು. ಆಮೇಲೆ ಮಶ್ರೂಮ್ ವಾಲ್ವ್‌ಗಳ ಸರದಿ. ಒಂದು ಹೋಸ್ ಅಂಗೈಯಲ್ಲಿ ಮುಚ್ಚಿ ಎಳೆದು, ಇನ್ನೊಂದು ಮುಚ್ಚಿ ಊದಿ ನೋಡುತ್ತಾರೆ. ಅಂಚು ಮಡಚಿದ ಒಂದು ವಾಲ್ವ್ ಸಾಕು, ಹೊಸ ಹರಳಿದ್ದರೂ ಉಸಿರು ಸ್ಕ್ರಬ್ಬರ್ ಕಡೆ ಹೋಗದೆ ಹೋಸ್‌ನಲ್ಲೇ ಹಿಂದೆ ಮುಂದೆ ಆಡುತ್ತದೆ. ಪಾಸಿಟಿವ್ ಟೆಸ್ಟ್‌ನಲ್ಲಿ ಲೂಪ್ ಉಬ್ಬಿಸಿ ಕಾಯುತ್ತಾರೆ, ನೆಗೆಟಿವ್ ಟೆಸ್ಟ್‌ನಲ್ಲಿ ಗಾಳಿ ಹೀರಿ ಹೋಸ್‌ಗಳು ಮುದುಡಿದ ಹಾಗೇ ನಿಲ್ಲುತ್ತವೆಯೇ ಎಂದು ಕಾಯುತ್ತಾರೆ. ಕೊನೆಗೆ ಕ್ಯಾಲಿಬ್ರೇಷನ್, ಅಂದರೆ ಸೆಲ್‌ಗಳ ಅಳತೆ ಸರಿಯಿದೆಯೇ ಎಂದು ಹೊಂದಿಸುವುದು. ಗಾಳಿಯಲ್ಲಿ 10 ಮಿಲಿವೋಲ್ಟ್ ಕೊಟ್ಟ ಸೆಲ್ ಶುದ್ಧ ಆಕ್ಸಿಜನ್ನಿನಲ್ಲಿ 48ರ ಆಸುಪಾಸು ಕೊಡಬೇಕು. 40ಕ್ಕೇ ನಿಂತರೆ ಆ ಸೆಲ್ ಕಸದ ಬುಟ್ಟಿಗೆ. ಬೆಲೆ ನೋಡಿ ಇನ್ನೊಂದು ಡೈವ್‌ಗೆ ಉಳಿಸಿಕೊಳ್ಳುವ ಮಾತೇ ಬೇಡ. ಯಂತ್ರ ಪೂರ್ತಿ ಕೈಕೊಟ್ಟರೆ ಮೇಲೆ ಬರುವವರೆಗೆ ಸಾಲುವಷ್ಟು ಬೇಲ್‌ಔಟ್ ಗಾಳಿ ಬೇರೆ ಸಿಲಿಂಡರಿನಲ್ಲಿ ಪಕ್ಕಕ್ಕಿರುತ್ತದೆ.

ನೀರಿಗಿಳಿಯುವ ಮುನ್ನ ಮೂಗು ಮುಚ್ಚಿ, ಕುಳಿತು, 5 ನಿಮಿಷ ಯಂತ್ರದಲ್ಲೇ ಉಸಿರಾಡುವುದು ಕೊನೆಯ ಹಂತ. ಹರಳು ಕೆಲಸ ಮಾಡದಿದ್ದರೆ ದೇಹಕ್ಕೇ ಗೊತ್ತಾಗುತ್ತದೆ ಎಂದು ಬಹಳ ಕಾಲ ನಂಬಿದ್ದರು. 2015ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಡೈವರ್‌ಗಳಿಗೆ ಹೇಳದೆ ಕೆಲವು ಸಲ ಹರಳನ್ನೇ ತೆಗೆದಿದ್ದರು, ಕೆಲವು ಸಲ ಉಸಿರು ಅಡ್ಡದಾರಿಯಲ್ಲಿ ನುಸುಳುವ ಹಾಗೆ ಮಾಡಿದ್ದರು. ಹರಳೇ ಇಲ್ಲದಾಗಲೂ ಎಲ್ಲರಿಗೂ ಗೊತ್ತಾಗಲಿಲ್ಲ. ಅರೆಬರೆ ಕೆಟ್ಟಿದ್ದಾಗಲಂತೂ ಬಹುತೇಕರು ಏನೂ ಅನ್ನಿಸದೆ 5 ನಿಮಿಷ ಮುಗಿಸಿದರು. ಹಾಗಂತ ಆ 5 ನಿಮಿಷ ವ್ಯರ್ಥವಲ್ಲ. ಆಕ್ಸಿಜನ್ ಸಿಲಿಂಡರ್ ತೆರೆದಿದೆಯೇ, ವಾಲ್ವ್ ಟಿಕ್ ಎನ್ನುತ್ತಿದೆಯೇ, ಮೂರೂ ಅಂಕಿಗಳು ಒಟ್ಟಿಗೆ ಏರಿ ಇಳಿಯುತ್ತಿವೆಯೇ ಎಂದು ನೋಡಲು ಅದೇ ಸಮಯ. ಹರಳಿನ ಸಂದು ಮಾತ್ರ ಅಲ್ಲಿ ಕಾಣುವುದಿಲ್ಲ. ಅದನ್ನು ಡಬ್ಬಿ ತುಂಬುವಾಗಲೇ ನೋಡಬೇಕು.