ಅಮ್ಮ ತೀರಿಕೊಂಡ ವರ್ಷ ಕುಣಿತ ಭಜನೆಗೆ ಹೋಗಬಹುದಾ?

ಪ್ರಶ್ನೆ: ಅಮ್ಮ ಹೋಗಿ ನಾಲ್ಕು ತಿಂಗಳಾಯಿತು. ಮೊದಲು ಊರಿನ ಭಜನಾ ಮಂದಿರದ ಕುಣಿತ ಭಜನೆ ತಂಡದಲ್ಲಿದ್ದೆ. ಮತ್ತೆ ಹೋಗಬೇಕು ಅನ್ನಿಸುತ್ತದೆ. ತಾಯಿ ಸತ್ತ ವರ್ಷ ಕುಣಿಯುವುದಾ ಅಂತ ಜನ ಕೇಳಿದರೆ? ಹೋದರೆ ಸಂಕಟ ಕಡಿಮೆಯಾಗುತ್ತದಾ?

ನಮ್ಮ ಕಾಸರಗೋಡಿನಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಉತ್ತರ ಇಷ್ಟೇ: ಹೋಗಿ.

ಜನರ ಮಾತು ಮೊದಲು ಮುಗಿಸೋಣ. ಬೊಜ್ಜ, ಅಂದರೆ ಉತ್ತರಕ್ರಿಯೆ, ಆದ ಮೇಲೆ ಸೂತಕ ಕಳೆಯಿತು. ವರ್ಷಾಂತಿಕದವರೆಗೆ ಹಬ್ಬ, ಗೌಜಿ ಬೇಡ ಅನ್ನುವುದು ಆಯಾ ಮನೆಯ ರೂಢಿ. ನಿಮ್ಮ ಮನೆಯಲ್ಲೂ ಹಾಗಿದ್ದರೆ ಜಾತ್ರೆಯ ಮೆರವಣಿಗೆಯಲ್ಲಿ ಕುಣಿಯುವುದನ್ನು ಈ ವರ್ಷ ಬಿಡಿ, ವಾರದ ಭಜನೆಗೆ ಹೋಗಿ. ದೇವರ ನಾಮ ಹೇಳುವುದಕ್ಕೂ ಕೊಂಕು ತೆಗೆಯುವವರು ನೀವು ಮನೆಯಲ್ಲೇ ಕೂತರೂ ಏನಾದರೂ ಹೇಳುತ್ತಾರೆ, ಅಲ್ವಾ? ಯಕ್ಷಗಾನ ಕಲಾವಿದರು ತೀರಿಕೊಂಡರೆ ನಮ್ಮವರು ಸಂಸ್ಮರಣೆ ಅಂತ ವೇಷವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ತಾಳಮದ್ದಳೆಯನ್ನೇ ಇಟ್ಟುಕೊಳ್ಳುತ್ತಾರೆ. ಸಾವಿಗೂ ಹಾಡಿಗೂ ಇಲ್ಲಿ ಯಾವತ್ತೂ ಜಗಳ ಇರಲಿಲ್ಲ.

ಇನ್ನು ಸಂಕಟದ ವಿಷಯ. ಮಧ್ಯೆ ದೀಪ, ಸುತ್ತ ಜನ, ಕೈಯಲ್ಲಿ ತಾಳ. ಒಬ್ಬರು ಸಾಲು ಎತ್ತಿಕೊಡುತ್ತಾರೆ, ಉಳಿದವರು ತಿರುಗಿ ಹೇಳುತ್ತಾರೆ. ಬಗ್ಗಿ ಒಂದು ತಾಳ, ಎದ್ದು ಒಂದು ತಾಳ, ಎರಡು ಹೆಜ್ಜೆ ಮುಂದೆ, ಒಂದು ಸುತ್ತು, ಅಷ್ಟರಲ್ಲಿ ಮುಂದಿನ ಸಾಲು ಬಂದೇ ಬಿಡುತ್ತದೆ. ಹಾಡುವವರು ಉಸಿರನ್ನು ಬೇಗ ಎಳೆದುಕೊಂಡು ನಿಧಾನಕ್ಕೆ ಬಿಡಬೇಕು. ಹಾಗೆ ಉದ್ದಕ್ಕೆ ಉಸಿರು ಬಿಡುವಾಗ ಎದೆಬಡಿತ ಇಳಿಯುತ್ತದೆ. ಜೊತೆಗೆ ಹೆಜ್ಜೆ ಹಾಕುವುದಕ್ಕೂ ಅದರದ್ದೇ ಗುಣ ಇದೆ. ಆಕ್ಸ್‌ಫರ್ಡ್‌ನ ಸಂಶೋಧಕರು ಬ್ರೆಜಿಲ್‌ನ ಹೈಸ್ಕೂಲ್ ಮಕ್ಕಳನ್ನು ಕುಣಿಸಿ ನೋಡಿ, 2015ರಲ್ಲಿ ಅದರ ಫಲ ಪ್ರಕಟಿಸಿದರು. ಒಂದೇ ಲಯಕ್ಕೆ ಒಟ್ಟಿಗೆ ಕುಣಿದವರಿಗೆ ನೋವು ತಡೆಯುವ ಶಕ್ತಿ ಹೆಚ್ಚಿತ್ತು, ಪರಸ್ಪರ ಹತ್ತಿರದವರು ಅನ್ನುವ ಭಾವನೆಯೂ ಹೆಚ್ಚಿತ್ತು. ಅದು ಮೈಯ ನೋವಿನ ಲೆಕ್ಕ, ಅಮ್ಮನನ್ನು ಕಳೆದುಕೊಂಡ ನೋವಿನದ್ದಲ್ಲ. ಆದರೂ ನಾಲ್ಕು ತಿಂಗಳು ಕೋಣೆಯಲ್ಲಿ ಕೂತು ಗಟ್ಟಿಯಾದ ಮೈಗೆ ಅಷ್ಟಾದರೂ ಬೇಕು.

ಅಳು ಬಂದರೆ? ಬರಲಿ. ಯಕ್ಷಗಾನದ ಹರಿಶ್ಚಂದ್ರ ಪ್ರಸಂಗದಲ್ಲಿ ಹಾವು ಕಚ್ಚಿ ಸತ್ತ ಮಗನನ್ನು ಎತ್ತಿಕೊಂಡು ಚಂದ್ರಮತಿ ಸ್ಮಶಾನಕ್ಕೆ ಬರುವಾಗ ಕಣ್ಣೊರೆಸಿಕೊಳ್ಳುವ ಪ್ರೇಕ್ಷಕರನ್ನು ನೀವು ನೋಡಿರುತ್ತೀರಿ. ಯಾಕೆ ಅಳುತ್ತೀ ಅಂತ ಪಕ್ಕದವರು ಕೇಳುವುದಿಲ್ಲ. ಅವರು ಚಂದ್ರಮತಿಗೇ ಅಳುತ್ತಿದ್ದಾರಾ, ತಮ್ಮ ಮನೆಯ ಯಾರಿಗೋ ಅಳುತ್ತಿದ್ದಾರಾ, ಯಾರೂ ವಿಚಾರಿಸುವುದಿಲ್ಲ. ಹೀಗೆ ನಾಲ್ಕು ಜನರ ನಡುವೆ ಕೂತು ಅಳುವ ಅವಕಾಶ ಮನೆಯಲ್ಲಿ ಸಿಗುವುದು ಕಷ್ಟ. ಅಲ್ಲಿ ಅಪ್ಪನ ಎದುರು ಗಟ್ಟಿಯಾಗಿರಬೇಕು, ಮಕ್ಕಳ ಎದುರು ಇನ್ನೂ ಗಟ್ಟಿಯಾಗಿರಬೇಕು.

ಭಜನೆಗೆ ಹೋದ ದಿನ ನಗು ಬಂತು ಅಂತ ಆಮೇಲೆ ಕೊರಗಬೇಡಿ. ಮಾರ್ಗರೆಟ್ ಸ್ಟ್ರೋಬೆ, ಹೆಂಕ್ ಶುಟ್ ಎಂಬ ಇಬ್ಬರು ಸಂಶೋಧಕರು 1999ರಲ್ಲೇ ಹೇಳಿದ್ದಾರೆ: ದುಃಖದಲ್ಲಿರುವವರು ಸ್ವಲ್ಪ ಹೊತ್ತು ಅದರೊಳಗೆ ಇರುತ್ತಾರೆ, ಸ್ವಲ್ಪ ಹೊತ್ತು ಹೊರಗೆ ಬಂದು ಬದುಕಿನ ಕೆಲಸ ನೋಡುತ್ತಾರೆ, ಮತ್ತೆ ಒಳಗೆ ಹೋಗುತ್ತಾರೆ. ಈ ಓಡಾಟ ಇರಬೇಕಾದದ್ದೇ. ಭಜನೆಗೆ ಮಂಗಳ ಅಂತ ಒಂದಿದೆ ನೋಡಿ, ಅದು ನನಗೆ ಇಷ್ಟ. ಎಷ್ಟೇ ಅತ್ತಿದ್ದರೂ ಮಂಗಳ ಹಾಡಿ, ಪ್ರಸಾದ ತಗೊಂಡು, ಚಪ್ಪಲಿ ಹುಡುಕಿಕೊಂಡು ಮನೆಗೆ ಹೊರಡಬೇಕು.

ಒಂದನ್ನು ಮಾತ್ರ ಮಾಡಬೇಡಿ. ರಾತ್ರಿ ಒಬ್ಬರೇ ಮಲಗಿ ಅಮ್ಮನಿಗೆ ಇಷ್ಟವಾಗಿದ್ದ ಹಾಡನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ಕೇಳುವುದು. ಅದಕ್ಕೆ ಮಂಗಳ ಇರುವುದಿಲ್ಲ, ನಿದ್ದೆಯೂ ಹೋಗುತ್ತದೆ. ಅದೇ ಹಾಡು ಬೇಕಿದ್ದರೆ ತಂಡದಲ್ಲಿ ಹೇಳಿಸಿ, ನೀವೂ ಹೇಳಿ.

ಆರು ತಿಂಗಳು ದಾಟಿದ ಮೇಲೂ ಊಟ, ನಿದ್ದೆ, ಕೆಲಸ ಯಾವುದೂ ಹಳಿಗೆ ಬರದಿದ್ದರೆ ಭಜನೆ ಒಂದೇ ಸಾಲದು, ಡಾಕ್ಟರಿಗೆ ತೋರಿಸಿ. ಬದುಕೇ ಬೇಡ ಅನ್ನಿಸಿದರೆ ಆರು ತಿಂಗಳು ಕಾಯುವುದೂ ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.